ಸಹಿ ಇಲ್ಲದ ವಿಕ್ಟೋರಿಯನ್ ಲ್ಯಾಂಡ್‌ಸ್ಕೇಪ್: ಬರೆದವರು ಯಾರು ಅಂತ ಹೇಗೆ ಪತ್ತೆ ಮಾಡೋದು?

ಚೆಷೈರ್‌ವಾಸಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಚೆಷೈರ್‌ನಲ್ಲಿ ಒಂದು ಸಣ್ಣ ಹಳ್ಳಿಯಲ್ಲಿದ್ದೇನೆ. ಇಲ್ಲಿನ ವಿಲೇಜ್ ಹಾಲ್ ಕಮಿಟಿಯಲ್ಲಿ ನಾನೂ ಒಬ್ಬಳು. ಹಾಲಿನ ಚಾವಣಿ ಸೋರುತ್ತಿದೆ, ರಿಪೇರಿಗೆ ದುಡ್ಡು ಬೇಕು. ಮೀಟಿಂಗ್ ಕೋಣೆಯಲ್ಲಿ ಬಹಳ ಕಾಲದಿಂದ ತೂಗುತ್ತಿರುವ ಒಂದು ತೈಲಚಿತ್ರವನ್ನು ಹರಾಜಿಗೆ ಕಳಿಸೋಣ ಅಂತ ಕಮಿಟಿಯಲ್ಲಿ ಮಾತಾಗಿದೆ. ಚಿತ್ರದ ಬಗ್ಗೆ ಒಂದು ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಚಿತ್ರ ಹೀಗಿದೆ. ಅಗಲ 30 ಇಂಚು, ಎತ್ತರ 20 ಇಂಚು. ಎದುರಿಗೆ ಬಂಡೆಗಳು, ಕೆಂಪಗೆ ಒಣಗಿದ ಜರೀಗಿಡಗಳು. ಬಲಕ್ಕೆ ನೀರು ಕುಡಿಯುತ್ತಿರುವ ನಾಲ್ಕು ದನ, ಕೆಂಪು ಶಾಲು ಹೊದ್ದ ಒಬ್ಬಳು ಹೆಂಗಸು. ನಡುವೆ ಸರೋವರ. ಅದು ಮಧ್ಯದಲ್ಲಿ ಸೊಂಟ ಹಿಡಿದಂತೆ ಕಿರಿದಾಗಿ ಎರಡು ಭಾಗ ಆಗಿದೆ. ಹಿಂದೆ ಸಾಲಾಗಿ ಮೂರು ಶಿಖರಗಳು, ಅವುಗಳ ಮುಖದ ಮೇಲೆ ಬೆಳಕು ಬಿದ್ದಿದೆ. ಎಡಗಡೆಯ ಶಿಖರಕ್ಕೆ ಎರಡು ತಲೆ. ದನಗಳನ್ನು ತುಂಬಾ ನಯವಾಗಿ, ಒಂದೊಂದು ಕೂದಲೂ ಕಾಣುವ ಹಾಗೆ ಬರೆದಿದ್ದಾರೆ. ಬಂಡೆಗಳು ಮಾತ್ರ ದೊಡ್ಡ ಕುಂಚದ ಅವಸರದ ಕೆಲಸ. ಸಹಿ ಎಲ್ಲೂ ಇಲ್ಲ. ನಾಲ್ಕೂ ಮೂಲೆ ನೋಡಿದೆ.

ಹಿಂಭಾಗದಲ್ಲಿ ಇರುವುದು ಇಷ್ಟು:

ಕ್ಯಾನ್ವಾಸ್ ಮೇಲೆ ಮಸುಕಾದ ಒಂದು ಮುದ್ರೆ. ಅರ್ಧ ಮರದ ಪಟ್ಟಿಯ ಕೆಳಗೆ ಹೋಗಿದೆ. ‘ವಿನ್ಸರ್’ ಅಂತ ಓದಬಹುದು. ಮರದ ಚೌಕಟ್ಟಿನ ಮೇಲೆ ಕಪ್ಪು ಮಸಿಯಲ್ಲಿ ಅಚ್ಚೊತ್ತಿದ ಮೂರು ಅಂಕೆ, ಎರಡು ಅಕ್ಷರ. ಅದರ ಪಕ್ಕ ಕಂದು ಬಣ್ಣಕ್ಕೆ ತಿರುಗಿದ ಹರಿದ ಕಾಗದದ ಚೀಟಿ, ಕೈಬರಹ. ‘ನಂ. 2’ ಅಂತ ಇದೆ, ಮಿಕ್ಕಿದ್ದು ಓದಲು ಆಗುತ್ತಿಲ್ಲ. ಚಿನ್ನದ ಬಣ್ಣದ ಫ್ರೇಮಿನ ಹಿಂದೆ ಬೇರೆ ಒಂದು ಅಚ್ಚಾದ ಲೇಬಲ್. ಅಂಗಡಿಯ ಹೆಸರು ಹರಿದುಹೋಗಿದೆ, ‘ಲಂಡನ್ ಡಬ್ಲ್ಯೂ.1’ ಮಾತ್ರ ಉಳಿದಿದೆ.

ಕಮಿಟಿಯ ಹಿರಿಯರೊಬ್ಬರು ‘ಇದು ಸಿಡ್ನಿ ರಿಚರ್ಡ್ ಪರ್ಸಿ, ನನಗೆ ಗೊತ್ತು, ಹಾಗೇ ಬರೆದುಬಿಡು’ ಅನ್ನುತ್ತಾರೆ. ನೋಡಲು ಬಂದ ಒಬ್ಬ ವ್ಯಾಪಾರಿ ‘ಫ್ರೇಮೂ ಅಸಲಿ, ಚಿತ್ರವೂ ಅಸಲಿ, ಇವತ್ತೇ ಕೊಡಿ’ ಅಂದರು. ಅಷ್ಟು ಅವಸರ ನೋಡಿ ನನಗೆ ಅನುಮಾನ ಬಂತು. ನಾನು ಬರೆಯುವ ಸಾಲು ನಾಳೆ ಕ್ಯಾಟಲಾಗಿನಲ್ಲಿ ಅಚ್ಚಾಗುತ್ತೆ. ಅದನ್ನು ನಂಬಿ ಯಾರೋ ದುಡ್ಡು ಕೊಡುತ್ತಾರೆ. ಎಲ್ಲಿಂದ ಶುರು ಮಾಡಲಿ?

ಹಳೇಬಣ್ಣ ಬರೆದದ್ದು

ಮೊದಲು ಒಂದು ಕೇಳಿಕೊಳ್ಳುತ್ತೇನೆ. ಚಿತ್ರವನ್ನು ಒರೆಸಬೇಡಿ. ಒದ್ದೆ ಬಟ್ಟೆ, ಬ್ರೆಡ್ಡು, ಆಲೂಗಡ್ಡೆ ಯಾವುದೂ ಬೇಡ. ಹಿಂದಿನ ಚೀಟಿಯನ್ನು ಬಿಡಿಸಲೂ ಹೋಗಬೇಡಿ. ಹಳೇ ಚಿತ್ರಗಳ ದುರಸ್ತಿ ಮಾಡುವವರ ಜೊತೆ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ‘ಸ್ವಲ್ಪ ಕ್ಲೀನ್ ಮಾಡಿ ನೋಡೋಣ’ ಅಂತ ಮನೆಯವರೇ ಕೈಹಾಕಿ ಹೊಳೆಯುವ ಆಕಾಶವನ್ನು ಕೆರೆದು ಹಾಕಿರುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಿಮ್ಮ ಚಿತ್ರಕ್ಕೆ ಬೇರೆ ಬಟ್ಟೆ ಅಂಟಿಸಿಲ್ಲ, ಅಂದರೆ ಲೈನಿಂಗ್ ಆಗಿಲ್ಲ ಅಂತ ನಿಮ್ಮ ವಿವರದಿಂದ ಅನಿಸುತ್ತದೆ. ಇದು ದೊಡ್ಡ ಅದೃಷ್ಟ. ವಿಕ್ಟೋರಿಯನ್ ಚಿತ್ರಗಳಲ್ಲಿ ಎಷ್ಟೋ ಲೈನಿಂಗ್ ಆಗಿ, ಅಸಲಿ ಬೆನ್ನು ಹೊಸ ಬಟ್ಟೆಯ ಹಿಂದೆ ಮುಚ್ಚಿಹೋಗಿದೆ. ನಿಮ್ಮದರಲ್ಲಿ ಬೆನ್ನು ಹಾಗೇ ಇದೆ. ಮುಂಭಾಗ ಯಾರನ್ನು ಬೇಕಾದರೂ ನೆನಪಿಸುತ್ತದೆ. ಬೆನ್ನು ಹಾಗೆಲ್ಲ ಮೋಸ ಮಾಡುವುದು ಕಷ್ಟ.

ಮುದ್ರೆ ವಿನ್ಸರ್ ಅಂಡ್ ನ್ಯೂಟನ್ ಅವರದು. ಈ ಬಣ್ಣದ ಅಂಗಡಿ ಶುರುವಾಗಿದ್ದು 1832ರಲ್ಲಿ, ಲಂಡನ್ನಿನ ರಾತ್‌ಬೋನ್ ಪ್ಲೇಸ್ 38ನೇ ನಂಬರಿನಲ್ಲಿ. ಕಲಾವಿದರು ಮೊದಲೇ ಬಿಳಿ ಬಳಿದು ಸಿದ್ಧ ಮಾಡಿದ ಕ್ಯಾನ್ವಾಸ್ ಅನ್ನು ಇಲ್ಲಿಂದ ಕೊಳ್ಳುತ್ತಿದ್ದರು. 30 × 20 ಇಂಚು ಅಂಗಡಿಯಲ್ಲಿ ರೆಡಿ ಸಿಗುತ್ತಿದ್ದ ಅಳತೆ. ಮುದ್ರೆಯ ಮಾತುಗಳು ಕಾಲಕಾಲಕ್ಕೆ ಬದಲಾಗಿವೆ. ‘ರಾಣಿಗೆ ಮತ್ತು ಪ್ರಿನ್ಸ್ ಆಲ್ಬರ್ಟ್‌ಗೆ’ ಅಂತ ಇದ್ದರೆ 1841ರ ನಂತರದ್ದು, ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡ 1861ರ ಆಸುಪಾಸಿನವರೆಗಿನದ್ದು. ‘ಲಿಮಿಟೆಡ್’ ಅಂತ ಇದ್ದರೆ 1882ರ ನಂತರ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ವೆಬ್‌ಸೈಟಿನಲ್ಲಿ ಇಂತಹ ಅಂಗಡಿಗಳ, ಅವರ ಮುದ್ರೆಗಳ ದೊಡ್ಡ ಪಟ್ಟಿಯೇ ಇದೆ. ಫೋಟೋ ಸಮೇತ, ಉಚಿತವಾಗಿ. ನಿಮ್ಮ ಮುದ್ರೆಯನ್ನು ಅದರ ಜೊತೆ ಇಟ್ಟು ಹೋಲಿಸಿ ನೋಡಿ. ಒಂದು ಎಚ್ಚರಿಕೆ: ಕ್ಯಾನ್ವಾಸ್ ಕೊಂಡು ಹತ್ತು ವರ್ಷ ಸುಮ್ನೆ ಇಟ್ಟುಕೊಂಡವರೂ ಇರುತ್ತಾರೆ. ಮುದ್ರೆ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಅಂತ ಮಾತ್ರ.

ಫ್ರೇಮಿನ ಲೇಬಲ್ ವಿಷಯ. ಲಂಡನ್ನಿನ ಅಂಚೆ ವಲಯಗಳಿಗೆ ಡಬ್ಲ್ಯೂ, ಇ.ಸಿ. ಅಂತ ಅಕ್ಷರ ಬಂದಿದ್ದು 1850ರ ದಶಕದ ಕೊನೆಯಲ್ಲಿ. ಅಕ್ಷರದ ಮುಂದೆ ಅಂಕೆ ಸೇರಿದ್ದು 1917ರಲ್ಲಿ. ಹಾಗಾಗಿ ‘ಡಬ್ಲ್ಯೂ.1’ ಅಂತ ಇರುವ ಲೇಬಲ್ ವಿಕ್ಟೋರಿಯನ್ ಆಗಲು ಸಾಧ್ಯವೇ ಇಲ್ಲ. ವಿಕ್ಟೋರಿಯಾ ರಾಣಿ ತೀರಿಕೊಂಡು ಆಗಲೇ ಹದಿನಾರು ವರ್ಷ ಆಗಿತ್ತು. ಹಳೇ ಫ್ರೇಮಿಗೆ ಆಮೇಲೆ ಚಿತ್ರ ಕೂರಿಸಿರಬಹುದು, ಅಥವಾ ಫ್ರೇಮ್ ರಿಪೇರಿ ಆಗಿರಬಹುದು. ಆದರೆ ‘ಫ್ರೇಮೂ ಅಸಲಿ’ ಅನ್ನುವ ವ್ಯಾಪಾರಿಯ ಮಾತನ್ನು ಟಿಪ್ಪಣಿಯಲ್ಲಿ ಸೇರಿಸಬೇಡಿ.

ಕಪ್ಪು ಅಚ್ಚು ನನಗೆ ಎಲ್ಲಕ್ಕಿಂತ ಜಾಸ್ತಿ ಆಸೆ ಹುಟ್ಟಿಸುತ್ತಿದೆ. ಅಂಕೆ ಮತ್ತು ಅಕ್ಷರದ ಈ ಬಗೆಯ ಕಪ್ಪು ಸ್ಟೆನ್ಸಿಲ್ ಕ್ರಿಸ್ಟೀಸ್ ಹರಾಜು ಸಂಸ್ಥೆಯವರ ಗುರುತು. ಚಿತ್ರ ಅವರ ಬಾಗಿಲಿಗೆ ಬಂದಾಗ ಹಾಕುವ ನಂಬರ್ ಅದು. ಲಂಡನ್ನಿನಲ್ಲಿ ಅವರ ಆರ್ಕೈವ್ ಇದೆ. ಆ ನಂಬರಿನಿಂದ ಯಾವ ಹರಾಜು, ಯಾವ ದಿನ, ಆಗ ಯಾರ ಹೆಸರಿನಲ್ಲಿ ಬಂದಿತ್ತು ಅನ್ನುವುದನ್ನು ಹುಡುಕಲು ಆಗುತ್ತದೆ. ನೇರವಾಗಿ ತೆಗೆದ, ಅಳತೆಪಟ್ಟಿ ಪಕ್ಕದಲ್ಲಿಟ್ಟ ಫೋಟೋ ಕಳಿಸಿ ಕೇಳಿ.

ಇನ್ನು ಪರ್ಸಿ. ನಿಮ್ಮ ಹಿರಿಯರಿಗೆ ಹಾಗೆ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಬೆಟ್ಟ, ಸರೋವರ, ನೀರು ಕುಡಿಯುವ ದನ ಅಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಅದು. ಆದರೆ ಪರ್ಸಿಯ ಮನೆಯ ಕಥೆ ಸ್ವಲ್ಪ ಕೇಳಿ. ತಂದೆ ಎಡ್ವರ್ಡ್ ವಿಲಿಯಮ್ಸ್ (1781–1855) ಲ್ಯಾಂಡ್‌ಸ್ಕೇಪ್ ಕಲಾವಿದ. ಆರು ಗಂಡುಮಕ್ಕಳು, ಆರೂ ಜನ ಲ್ಯಾಂಡ್‌ಸ್ಕೇಪ್ ಕಲಾವಿದರೇ. ಒಂದೇ ಹೆಸರಿನ ಇಷ್ಟು ಜನ ಒಂದೇ ಬಗೆಯ ಚಿತ್ರ ಮಾರಿದರೆ ಗೊಂದಲ ಅಲ್ವಾ? ಅದಕ್ಕೆ ಮೂವರು ಹೆಸರನ್ನೇ ಬದಲಿಸಿಕೊಂಡರು. ಹೆನ್ರಿ ಜಾನ್ ಬಾಡಿಂಗ್ಟನ್, ಆರ್ಥರ್ ಗಿಲ್ಬರ್ಟ್, ಸಿಡ್ನಿ ರಿಚರ್ಡ್ ಪರ್ಸಿ. ಮಿಕ್ಕ ಮೂವರು ಎಡ್ವರ್ಡ್ ಚಾರ್ಲ್ಸ್, ಜಾರ್ಜ್ ಆಗಸ್ಟಸ್, ಆಲ್ಫ್ರೆಡ್ ವಾಲ್ಟರ್ ವಿಲಿಯಮ್ಸ್ ಆಗಿಯೇ ಉಳಿದರು. ಸಾಲದ್ದಕ್ಕೆ, ಈ ಕುಟುಂಬಕ್ಕೆ ಸಂಬಂಧವೇ ಇಲ್ಲದ ವೂಸ್ಟರ್‌ನ ಇನ್ನೊಬ್ಬ ವಿಲಿಯಮ್ಸ್ ಕೂಡ ಇವರ ಜೊತೆ ಬೆರೆತುಹೋಗಬಾರದು ಅಂತ ಹೆಸರು ತಿರುಗಿಸಿಕೊಂಡು ಬೆಂಜಮಿನ್ ವಿಲಿಯಮ್ಸ್ ಲೀಡರ್ ಆದ. ಅವರ ಕಾಲದಲ್ಲೇ, ಬದುಕಿದ್ದಾಗಲೇ ಇಷ್ಟು ಗೊಂದಲ ಇತ್ತು. ನೂರೈವತ್ತು ವರ್ಷ ಆದ ಮೇಲೆ, ಬರೀ ಶೈಲಿ ನೋಡಿ ‘ಇದು ಪರ್ಸಿ’ ಅನ್ನುವುದು ಆ ಆರೂ ಜನಕ್ಕೆ ಮಾಡುವ ಅನ್ಯಾಯ. ಏಳನೆಯವನೊಬ್ಬ, ಹೆಸರೇ ಉಳಿಯದವನು, ಬರೆದಿದ್ದರೆ ಅವನಿಗೆ ಇನ್ನೂ ದೊಡ್ಡ ಅನ್ಯಾಯ. ಇನ್ನೊಂದು ಮಾತು, ಪರ್ಸಿ ತನ್ನ ಚಿತ್ರಗಳಿಗೆ ಸಾಮಾನ್ಯವಾಗಿ ಸಹಿ ಹಾಕುತ್ತಿದ್ದ.

ದನಗಳು ನಯ, ಬಂಡೆ ಒರಟು ಅಂದಿರಿ. ಒಳ್ಳೆ ಕಣ್ಣು ನಿಮ್ಮದು. ಆ ಕಾಲದಲ್ಲಿ ಒಬ್ಬರು ಬೆಟ್ಟ ಬರೆದು ಇನ್ನೊಬ್ಬರು ದನ ಬರೆಯುವುದು ಇತ್ತು. ಫ್ರೆಡರಿಕ್ ರಿಚರ್ಡ್ ಲೀ ಬರೆದ ಲ್ಯಾಂಡ್‌ಸ್ಕೇಪ್‌ಗಳಿಗೆ ಥಾಮಸ್ ಸಿಡ್ನಿ ಕೂಪರ್ ದನಗಳನ್ನು ಸೇರಿಸುತ್ತಿದ್ದ. ಥಾಮಸ್ ಕ್ರೆಸ್ವಿಕ್ ಮತ್ತು ರಿಚರ್ಡ್ ಆನ್ಸ್‌ಡೆಲ್ ಹಾಗೇ ಜೊತೆಯಾಗಿ ಕೆಲಸ ಮಾಡಿದವರು. ಇದರಿಂದ ನಿಮ್ಮದು ಅವರದು ಅಂತ ಆಗುವುದಿಲ್ಲ. ಎರಡು ಕೈ ಇದ್ದಿರಬಹುದು ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅಷ್ಟೇ.

ಸದ್ಯ ಮಾಡಬೇಕಾದ್ದು: ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಚಿತ್ರದ ಪಕ್ಕದಿಂದ ಅಡ್ಡಲಾಗಿ ಹಿಡಿದು ಚೀಟಿಯ ಫೋಟೋ ತೆಗೆಯಿರಿ. ಹಿಂಭಾಗಕ್ಕೂ ಹಾಗೇ ಮಾಡಿ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ, ಬಣ್ಣಗಳನ್ನು ನೆಗೆಟಿವ್ ಮಾಡಿ ನೋಡಿ. ಎಷ್ಟೋ ಸಲ ಶಾಯಿ ಎದ್ದು ಬರುತ್ತದೆ.

ನಕ್ಷೆಹುಚ್ಚು ಬರೆದದ್ದು

ಕಲೆಯ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಬೆಟ್ಟಗಳ ಬಗ್ಗೆ ಗೊತ್ತು. ಎರಡು ಭಾಗ ಆದ ಸರೋವರ, ಎಡಕ್ಕೆ ಎರಡು ತಲೆಯ ಶಿಖರ ಅಂದ ತಕ್ಷಣ ನನಗೆ ಉತ್ತರ ವೇಲ್ಸ್ ಕಣ್ಣಿಗೆ ಬಂತು. ಕಾಪೆಲ್ ಕಿರಿಗ್ ಊರಿನ ಪಶ್ಚಿಮಕ್ಕೆ ಲಿನ್ನೈ ಮಂಬಿರ್ ಅನ್ನುವ ಜೋಡಿ ಸರೋವರ ಇದೆ. ಅದರ ಪೂರ್ವದ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸ್ನೋಡನ್ ಬೆಟ್ಟಗಳ ಸಾಲು ಕುದುರೆ ಲಾಳದ ಆಕಾರದಲ್ಲಿ ಎದ್ದು ನಿಲ್ಲುತ್ತದೆ. ಎಡಕ್ಕೆ ಅವಳಿ ತಲೆಯ ಅ ಲಿವೆಡ್, ನಡುವೆ 1085 ಮೀಟರಿನ ಸ್ನೋಡನ್ ಶಿಖರ, ಬಲಕ್ಕೆ ಚೂಪಾದ ಕ್ರಿಬ್ ಗೋಹ್. ವೇಲ್ಸ್‌ನಲ್ಲಿ ಇಷ್ಟು ಹೆಚ್ಚು ಸಲ ಚಿತ್ರಕ್ಕೆ ಕೂತ ಜಾಗ ಬಹಳ ಕಡಿಮೆ.

ನೀವೇ ಪರೀಕ್ಷಿಸಿ. ‘ಜಿಯೋಗ್ರಾಫ್’ ಅನ್ನುವ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಚೌಕ ಚೌಕಕ್ಕೂ ಜನ ತೆಗೆದ ಫೋಟೋಗಳಿವೆ. ಕಾಪೆಲ್ ಕಿರಿಗ್ ಚೌಕಗಳನ್ನು ತೆರೆದು ಶಿಖರಗಳ ಗೆರೆಯನ್ನು ನಿಮ್ಮ ಚಿತ್ರದ ಗೆರೆಯ ಮೇಲೆ ಇಟ್ಟು ನೋಡಿ. ಆ ಕಾಲದವರು ಬೆಟ್ಟದ ಎತ್ತರವನ್ನು ಧಾರಾಳವಾಗಿ ಎಳೆದು ಉದ್ದ ಮಾಡುತ್ತಿದ್ದರು. ಹಾಗಾಗಿ ಎತ್ತರ ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕಣಿವೆಗಳು, ತಗ್ಗುಗಳು ಯಾವ ಸಾಲಿನಲ್ಲಿ ಬರುತ್ತವೆ ಅನ್ನುವುದನ್ನು ನೋಡಿ. ಅದನ್ನು ಸಾಮಾನ್ಯವಾಗಿ ಯಾರೂ ಬದಲಿಸುವುದಿಲ್ಲ.

ಬೆಳಕಿನ ಬಗ್ಗೆ ನೀವು ಹೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಶಿಖರಗಳ ಮುಖದ ಮೇಲೆ ಬೆಳಕು ಇದೆ ಅಂದಿರಿ. ಪಶ್ಚಿಮಕ್ಕೆ ನೋಡುತ್ತಿರುವವನಿಗೆ ಹಾಗೆ ಕಾಣಬೇಕಾದರೆ ಸೂರ್ಯ ಅವನ ಬೆನ್ನ ಹಿಂದೆ, ಪೂರ್ವದಲ್ಲಿ ಇರಬೇಕು. ಅಂದರೆ ಬೆಳಗಿನ ಹೊತ್ತು. ಜರೀಗಿಡ ಕೆಂಪಾಗಿದೆ, ಅಂದರೆ ಶರತ್ಕಾಲ. ಚಿತ್ರಕಾರ ಬೆಳಗ್ಗೆ ಬೇಗ ಆ ಜಾಗದಲ್ಲಿದ್ದ ಅನ್ನುವುದಾದರೆ ಅವನು ಹತ್ತಿರದಲ್ಲೇ ಎಲ್ಲೋ ಉಳಿದುಕೊಂಡಿದ್ದ. ಸರೋವರದ ಆ ತುದಿಯಲ್ಲೇ ಆಗ ಒಂದು ಹೋಟೆಲ್ ಇತ್ತು. ಈಗ ಅದು ಪ್ಲಾಸ್ ಅ ಬ್ರೆನಿನ್ ಅನ್ನುವ ಬೆಟ್ಟ ಹತ್ತುವವರ ತರಬೇತಿ ಕೇಂದ್ರ. ಸ್ವಲ್ಪ ಕೆಳಗೆ, ಅದೇ ಕಣಿವೆಯಲ್ಲಿ ಬೆಟುಸ್-ಅ-ಕೋಯ್ಡ್ ಇದೆ. ಕಲಾವಿದ ಡೇವಿಡ್ ಕಾಕ್ಸ್ 1844ರಿಂದ 1856ರವರೆಗೆ ಬೇಸಿಗೆಗಳಲ್ಲಿ ಅಲ್ಲಿಗೆ ಬರುತ್ತಿದ್ದ. ಅಲ್ಲಿನ ರಾಯಲ್ ಓಕ್ ಹೋಟೆಲಿಗೆ 1847ರಲ್ಲಿ ನಾಮಫಲಕವನ್ನೂ ಬರೆದುಕೊಟ್ಟ. ಅವನ ಹಿಂದೆ ದಂಡು ದಂಡಾಗಿ ಕಲಾವಿದರು ಬಂದರು. 1868ರಲ್ಲಿ ರೈಲು ಬಂದ ಮೇಲಂತೂ ಕೇಳಲೇಬೇಡಿ.

ಚಿತ್ರದಲ್ಲಿ ಮನೆ, ಗೋಡೆ, ಸೇತುವೆ ಏನಾದರೂ ಇದ್ದರೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ವೆಬ್‌ಸೈಟಿನಲ್ಲಿ ಹಳೇ ಆರ್ಡ್‌ನೆನ್ಸ್ ಸರ್ವೆ ನಕ್ಷೆ ತೆಗೆದು ನೋಡಿ. ಹೆಸರು ಸ್ಕಾಟ್ಲೆಂಡಿನದಾದರೂ ಇಂಗ್ಲೆಂಡ್, ವೇಲ್ಸ್ ನಕ್ಷೆಗಳೂ ಅಲ್ಲೇ ಇವೆ. ಮೈಲಿಗೆ ಆರು ಇಂಚಿನ ನಕ್ಷೆಯಲ್ಲಿ ಒಂದೊಂದು ಕೊಟ್ಟಿಗೆಯೂ ಕಾಣುತ್ತದೆ.

ಚೆಷೈರ್‌ವಾಸಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಷ್ಟೊಂದು ಸಿಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಜಾಗ ಅದೇ. ಜಿಯೋಗ್ರಾಫ್ ಫೋಟೋಗಳ ಜೊತೆ ಇಟ್ಟು ನೋಡಿದೆ, ತಗ್ಗುಗಳ ಸಾಲು ಒಂದೊಂದೂ ಹೊಂದುತ್ತದೆ. ಕ್ರಿಬ್ ಗೋಹ್ ಮಾತ್ರ ನಿಜಕ್ಕಿಂತ ಬಹಳ ಚೂಪು.

ಟಾರ್ಚ್ ಉಪಾಯ ಕೆಲಸ ಮಾಡಿತು. ಚೀಟಿಯಲ್ಲಿ ಈಗ ಮೂರು ಸಾಲು ಕಾಣುತ್ತಿವೆ. ಮೊದಲನೇ ಸಾಲು ‘ನಂ. 2’. ಎರಡನೇ ಸಾಲಿನಲ್ಲಿ ‘…ಮಂಬಿರ್, ಮಾರ್ನಿ…’ ಅಂತ ಇದೆ. ನಕ್ಷೆಹುಚ್ಚು ಅವರೇ, ಬೆಳಗಿನ ಹೊತ್ತು ಅಂದಿರಲ್ಲ, ಅದನ್ನು ಓದಿ ನಾನು ಕೂಗಿಯೇಬಿಟ್ಟೆ! ಮೂರನೇ ಸಾಲಿನ ಶುರುವಿನಲ್ಲಿ ಹೆಸರು ಇದ್ದಿರಬೇಕು, ಅದು ಪೂರ್ತಿ ಹರಿದಿದೆ. ಕೊನೆಯಲ್ಲಿ ‘ಬೆಟುಸ್ ಅ ಕೋಯ್ಡ್’ ಅಂತ ಉಳಿದಿದೆ. ಬಲಗಡೆ ಮೂಲೆಯಲ್ಲಿ ‘15 ಗಿನಿ’.

ಮುದ್ರೆಯಲ್ಲಿ ‘ವಿನ್ಸರ್ ಅಂಡ್ ನ್ಯೂಟನ್, ರಾತ್‌ಬೋನ್ ಪ್ಲೇಸ್, ಲಂಡನ್’ ಅಂತ ಓದಿದೆ. ಪ್ರಿನ್ಸ್ ಆಲ್ಬರ್ಟ್ ಹೆಸರು ಕಾಣಲಿಲ್ಲ. ‘ಲಿಮಿಟೆಡ್’ ಅಂತಲೂ ಇಲ್ಲ, ಆದರೆ ಮುದ್ರೆಯ ಒಂದು ತುದಿ ಮರದ ಕೆಳಗೆ ಇದೆ.

ಹಾಲಿನ ಹಳೇ ಮಿನಿಟ್ಸ್ ಪುಸ್ತಕಗಳನ್ನೂ ತೆಗೆದೆ. 1931ರ ಒಂದು ಸಭೆಯಲ್ಲಿ ‘ವೇಲ್ಸ್‌ನ ದೃಶ್ಯ, ತೈಲವರ್ಣ, ಚಿನ್ನದ ಫ್ರೇಮ್’ ದಾನ ಬಂದಿದೆ ಅಂತ ಬರೆದಿದ್ದಾರೆ. ಕೊಟ್ಟವರು ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಯೊಬ್ಬರ ವಿಧವೆ. ಚಿತ್ರಕಾರರ ಹೆಸರು ಅಲ್ಲೂ ಇಲ್ಲ. ಅಂದರೆ ಕೊಟ್ಟ ದಿನವೇ ಯಾರಿಗೂ ಗೊತ್ತಿರಲಿಲ್ಲ ಅನಿಸುತ್ತೆ. ಕ್ರಿಸ್ಟೀಸ್‌ಗೆ ಫೋಟೋ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹಿರಿಯರು ಈಗ ‘ಪರ್ಸಿ ಬೆಟುಸ್‌ಗೆ ಹೋಗಿರಲಿಲ್ಲ ಅಂತ ನೀನು ಸಾಧಿಸು’ ಅನ್ನುತ್ತಿದ್ದಾರೆ. ಏನು ಹೇಳಲಿ?

ಹಳೇಬಣ್ಣ

ಹಿರಿಯರಿಗೆ ಗೌರವದಿಂದಲೇ ಹೇಳಿ: ಸಾಧಿಸಬೇಕಾದ್ದು ಹೆಸರು ಹಾಕುವವರು. ಪರ್ಸಿ ವೇಲ್ಸ್‌ಗೆ ಹೋಗಿ ಬೇಕಾದಷ್ಟು ಬರೆದಿದ್ದಾನೆ. ನೂರಾರು ಜನ ಹೋಗಿದ್ದರು. ಒಂದು ಜಾಗಕ್ಕೆ ಹೋಗಿದ್ದ ಅನ್ನುವುದರಿಂದ ಅಲ್ಲಿ ಬರೆದ ಚಿತ್ರಗಳೆಲ್ಲ ಅವನದಾಗುವುದಿಲ್ಲ.

ನಿಮ್ಮ ಚೀಟಿ ಚಿನ್ನ ಕಣ್ರೀ. ಇದು ಪ್ರದರ್ಶನಕ್ಕೆ ಕಳಿಸುವಾಗ ಕಲಾವಿದರು ತಾವೇ ಬರೆದು ಅಂಟಿಸುತ್ತಿದ್ದ ಬಗೆಯದು. ಸಾಮಾನ್ಯವಾಗಿ ನಂಬರ್, ಚಿತ್ರದ ಹೆಸರು, ತಮ್ಮ ಹೆಸರು, ವಿಳಾಸ, ಬೆಲೆ. ‘ನಂ. 2’ ಅಂದರೆ ಆ ಸಲ ಅವರು ಕಳಿಸಿದ ಎರಡನೇ ಚಿತ್ರ. ಮೊದಲನೆಯದೂ ಒಂದಿತ್ತು. ಚಿತ್ರದ ಬೆಲೆಯನ್ನು ಗಿನಿಯಲ್ಲಿ ಹೇಳುವುದು ಆಗಿನ ರೂಢಿ, ಒಂದು ಗಿನಿಗೆ 21 ಶಿಲಿಂಗ್. 15 ಗಿನಿ ದೊಡ್ಡ ಹೆಸರಿನವರ ಬೆಲೆಯಲ್ಲ. ಹೊಟ್ಟೆಪಾಡಿಗೆ ದುಡಿಯುವ, ಕೈ ಪಳಗಿದ ಕಲಾವಿದನ ಬೆಲೆ. ಇದೂ ಪರ್ಸಿಯ ಕಡೆಗೆ ಬೊಟ್ಟು ಮಾಡುವುದಿಲ್ಲ.

ಬೆಟುಸ್ ವಿಳಾಸ ಇದೆ ಅಂದ ಮಾತ್ರಕ್ಕೆ ಅವರು ಅಲ್ಲಿಯವರು ಅಂತ ಹೇಳಲಾಗದು. ಬೇಸಿಗೆಯ ಬಾಡಿಗೆ ಕೋಣೆಯ ವಿಳಾಸ ಕೊಟ್ಟವರೂ ಇದ್ದಾರೆ. ಆದರೂ ಹುಡುಕುವ ದಾರಿ ಎಷ್ಟು ಸಣ್ಣದಾಯಿತು ನೋಡಿ. ಈಗ ನಮ್ಮ ಹತ್ತಿರ ಚಿತ್ರದ ಹೆಸರಿನ ತುಂಡಿದೆ, ವಿಳಾಸ ಇದೆ, ಬೆಲೆ ಇದೆ.

ಆಲ್ಜರ್ನನ್ ಗ್ರೇವ್ಸ್ ಅಂತ ಒಬ್ಬ ಮಹಾನುಭಾವ ಇದ್ದ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1769ರಿಂದ 1904ರವರೆಗೆ ಯಾರ್ಯಾರು ಏನೇನು ಪ್ರದರ್ಶಿಸಿದರು ಅನ್ನುವುದನ್ನು ಎಂಟು ಸಂಪುಟಗಳಲ್ಲಿ ಪಟ್ಟಿ ಮಾಡಿದ. 1905–06ರಲ್ಲಿ ಅಚ್ಚಾಯಿತು. ಕಲಾವಿದರ ಹೆಸರಿನ ಅಕಾರಾದಿಯಲ್ಲಿದೆ, ಜೊತೆಗೆ ವಿಳಾಸ, ವರ್ಷ, ಚಿತ್ರದ ಹೆಸರು. ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಒಳಗೆ ಪದ ಹುಡುಕಬಹುದು. ಹಾಗಾಗಿ ಹೆಸರು ಗೊತ್ತಿಲ್ಲದಿದ್ದರೂ ‘ಬೆಟುಸ್’, ‘ಮಂಬಿರ್’, ‘ಕಾಪೆಲ್ ಕಿರಿಗ್’ ಅಂತ ಹಾಕಿ ಹಿಂದಿನಿಂದ ಬರಬಹುದು. ಬೆಟುಸ್ ಅನ್ನು ಆಗ ಎರಡು ‘ಟಿ’ ಹಾಕಿ ಬರೆಯುತ್ತಿದ್ದರು. ಎರಡೂ ರೀತಿ ಹುಡುಕಿ. ಸ್ಕ್ಯಾನ್ ಓದುವ ಯಂತ್ರ ವೆಲ್ಷ್ ಹೆಸರುಗಳನ್ನು ಸಿಕ್ಕಾಪಟ್ಟೆ ತಪ್ಪು ಓದುತ್ತದೆ, ಅರ್ಧ ಹೆಸರು ಹಾಕಿಯೂ ನೋಡಿ. ಆ ಪಟ್ಟಿಯಲ್ಲಿ ಚಿತ್ರದ ಅಳತೆ ಇಲ್ಲ, ಫೋಟೋ ಇಲ್ಲ. ಹೆಸರು ಹೊಂದಿದರೂ ‘ಇದೇ ಚಿತ್ರ’ ಅಂತ ಅಲ್ಲ.

ಇದು ಲಂಡನ್ನಿಗೆ ಹೋಗದೇ ಇರುವ ಸಾಧ್ಯತೆಯೇ ಜಾಸ್ತಿ ಅಂತ ನನ್ನ ಅಂದಾಜು. ಮ್ಯಾಂಚೆಸ್ಟರ್ ಹತ್ತಿ ವ್ಯಾಪಾರಿಯ ಮನೆ ಅಂದಿರಿ. ಬೆಟುಸ್ ಇರುವ ಕಾನ್ವಿ ಕಣಿವೆಯ ಕಲಾವಿದರಿಗೆ ಅನ್ನ ಹಾಕಿದ್ದು ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ದುಡ್ಡು. ರಾಯಲ್ ಮ್ಯಾಂಚೆಸ್ಟರ್ ಇನ್‌ಸ್ಟಿಟ್ಯೂಷನ್ ಪ್ರದರ್ಶನಗಳು ಇದ್ದವು. ಲಿವರ್‌ಪೂಲಿನಲ್ಲಿ 1871ರಿಂದ ಶರತ್ಕಾಲದ ಪ್ರದರ್ಶನ ಇತ್ತು. ಆ ಕ್ಯಾಟಲಾಗುಗಳಲ್ಲಿ ಬೆಲೆಯನ್ನೂ ಹಾಕುತ್ತಿದ್ದರು. ‘ಮಂಬಿರ್’ ಮತ್ತು 15 ಗಿನಿಗೆ ಸರಿಯಾಗುವ 15 ಪೌಂಡ್ 15 ಶಿಲಿಂಗ್ ಒಂದೇ ಸಾಲಿನಲ್ಲಿ ಸಿಕ್ಕರೆ ನನಗೆ ಆ ದಿನವೇ ಹೇಳಿ, ದಯವಿಟ್ಟು.

ಕ್ರಿಸ್ಟೀಸ್ ಸ್ಟೆನ್ಸಿಲ್ 1931ಕ್ಕಿಂತ ಹಿಂದಿನದು ಅನ್ನುವುದಂತೂ ಆಯಿತು, ಆಮೇಲೆ ಚಿತ್ರ ಹಾಲಿನಿಂದ ಹೊರಗೆ ಹೋಗಿಲ್ಲವಾದರೆ. ಅದನ್ನೂ ಮಿನಿಟ್ಸ್‌ನಲ್ಲಿ ನೋಡಿಕೊಳ್ಳಿ.

ಬಣ್ಣದ ಲ್ಯಾಬ್ ಪರೀಕ್ಷೆ ಬಗ್ಗೆ ಯಾರಾದರೂ ಹೇಳಬಹುದು. ಸದ್ಯ ಬೇಡ ಅಂತ ನನ್ನ ಸಲಹೆ. ಟೈಟಾನಿಯಂ ಬಿಳಿ ಸಿಕ್ಕರೆ ಆ ಭಾಗ 20ನೇ ಶತಮಾನದ್ದು. ಥ್ಯಾಲೋ ನೀಲಿ ಸಿಕ್ಕರೆ 1935ರ ನಂತರದ್ದು. ತಿದ್ದುಪಡಿ, ನಕಲಿ ಹಿಡಿಯಲು ಇವು ಬೇಕು. ಆದರೆ ಒಂದೇ ಅಂಗಡಿಯಿಂದ ಎಲ್ಲರೂ ಬಣ್ಣ ಕೊಳ್ಳುತ್ತಿದ್ದ ಕಾಲದಲ್ಲಿ ಬಣ್ಣ ಯಾರ ಹೆಸರನ್ನೂ ಹೇಳುವುದಿಲ್ಲ. ಅದಕ್ಕೆ ಬದಲು ಒಂದು ಅಲ್ಟ್ರಾವಯಲೆಟ್ ಟಾರ್ಚ್ ತಗೊಂಡು ಕತ್ತಲಲ್ಲಿ ಮುಂಭಾಗ ನೋಡಿ. ಕಣ್ಣಿಗೆ ಯುವಿ ಕನ್ನಡಕ ಹಾಕಿಕೊಳ್ಳಿ. ಹಳೇ ರಾಳದ ವಾರ್ನಿಷ್ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಹಚ್ಚಿದ ಬಣ್ಣ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಕೆಳಗಿನ ಮೂಲೆಗಳಲ್ಲಿ ಅಂತಹ ಮಚ್ಚೆ ಇದೆಯೇ ಅಂತ ನೋಡಿ. ಸಣ್ಣ ಹೆಸರನ್ನು ಅಳಿಸಿ ದೊಡ್ಡ ಹೆಸರಿನಲ್ಲಿ ಮಾರಲು ಹೊರಟ ವ್ಯಾಪಾರಿಗಳು ಆಗಲೂ ಇದ್ದರು.

ಓದುಮನೆ ಬರೆದದ್ದು

ನಡುವೆ ಬರುತ್ತಿದ್ದೇನೆ. ರಾಯಲ್ ಕೇಂಬ್ರಿಯನ್ ಅಕಾಡೆಮಿಯನ್ನು ಮರೆಯಬೇಡಿ. ವೇಲ್ಸ್‌ನ ಕಲಾವಿದರ ಈ ಸಂಘ 1881ರಲ್ಲಿ ಶುರುವಾಯಿತು, ಈಗಲೂ ಕಾನ್ವಿಯಲ್ಲಿದೆ. ಸ್ಥಾಪಕರಲ್ಲಿ ಒಬ್ಬರಾದ ಕ್ಲಾರೆನ್ಸ್ ವೇಟ್ ಮ್ಯಾಂಚೆಸ್ಟರಿನಿಂದ ಬಂದವರೇ. ನಿಮ್ಮ ಚಿತ್ರ 1881ರ ನಂತರದ್ದಾದರೆ ಅವರ ಪ್ರದರ್ಶನದಲ್ಲೂ ಇದ್ದಿರಬಹುದು. ಒಂದು ಪತ್ರ ಬರೆದು ಕೇಳಿ. ಜೊತೆಗೆ ಜನಗಣತಿ ನೋಡಿ. 1861, 1871, 1881, ಹೀಗೆ ಹತ್ತು ವರ್ಷಕ್ಕೊಮ್ಮೆ ಬೆಟುಸ್ ಊರಿನ ಹಾಳೆಗಳಲ್ಲಿ ಉದ್ಯೋಗದ ಕಾಲಮ್ಮಿನಲ್ಲಿ ‘ಲ್ಯಾಂಡ್‌ಸ್ಕೇಪ್ ಪೇಂಟರ್’ ಅಂತ ಇರುವವರನ್ನು ಹೆಕ್ಕಿದರೆ ಒಂದು ಪಟ್ಟಿ ಆಗುತ್ತದೆ. ಆ ಒಬ್ಬೊಬ್ಬರ ಕೆಲಸವನ್ನೂ ಆರ್ಟ್ ಯುಕೆ ವೆಬ್‌ಸೈಟಿನಲ್ಲಿ ಹುಡುಕಿ ಹೋಲಿಸಿ. ಅಲ್ಲಿ ಬ್ರಿಟನ್ನಿನ ಸಾರ್ವಜನಿಕ ಸಂಗ್ರಹಗಳ 2 ಲಕ್ಷಕ್ಕೂ ಹೆಚ್ಚು ತೈಲಚಿತ್ರಗಳಿವೆ. ಅವರ ‘ಆರ್ಟ್ ಡಿಟೆಕ್ಟಿವ್’ ವಿಭಾಗ ಮಾತ್ರ ಸಾರ್ವಜನಿಕ ಸಂಗ್ರಹದ ಚಿತ್ರಗಳಿಗೆ. ನಿಮ್ಮದನ್ನು ಅಲ್ಲಿ ಹಾಕಲು ಆಗದು. ಆದರೆ ಅಲ್ಲಿನ ಹಳೇ ಚರ್ಚೆಗಳನ್ನು ಓದಿ, ಪುರಾವೆ ಹೇಗೆ ಕಟ್ಟುತ್ತಾರೆ ಅನ್ನುವುದು ತಿಳಿಯುತ್ತದೆ.

ಚೆಷೈರ್‌ವಾಸಿ

ಕ್ರಿಸ್ಟೀಸ್ ಉತ್ತರ ಬರುವವರೆಗೆ ಚಿತ್ರ ಕಳಿಸಬಾರದು ಅಂತ ಕಮಿಟಿಯನ್ನು ಒಪ್ಪಿಸಿದ್ದೇನೆ. ಹಾಲಿನಿಂದ ಚಿತ್ರ ಹೊರಗೆ ಹೋದ ದಾಖಲೆ ಮಿನಿಟ್ಸ್‌ನಲ್ಲಿ ಎಲ್ಲೂ ಇಲ್ಲ. ಯುವಿ ಬೆಳಕಿನಲ್ಲಿ ಮೂಲೆಗಳು ಶುದ್ಧವಾಗಿವೆ. ಆಕಾಶದಲ್ಲಿ ಮಾತ್ರ ಅಂಗೈಯಗಲ ಕಪ್ಪು ಮಚ್ಚೆ. ಟಿಪ್ಪಣಿಯ ಮೊದಲ ಸಾಲನ್ನು ಸದ್ಯಕ್ಕೆ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

‘ಬ್ರಿಟಿಷ್ ಸ್ಕೂಲ್, 19ನೇ ಶತಮಾನದ ಉತ್ತರಾರ್ಧ. ಸಿಡ್ನಿ ರಿಚರ್ಡ್ ಪರ್ಸಿಯ ಸರ್ಕಲ್. ಲಿನ್ನೈ ಮಂಬಿರ್, ಬೆಳಗು. ಕ್ಯಾನ್ವಾಸ್ ಮೇಲೆ ತೈಲವರ್ಣ, 20 × 30 ಇಂಚು. ಸಹಿ ಇಲ್ಲ.’

‘ಬ್ರಿಟಿಷ್ ಸ್ಕೂಲ್’ ಅಂದರೆ ಹೆಸರು ಗೊತ್ತಿಲ್ಲದ ಬ್ರಿಟಿಷ್ ಕಲಾವಿದ ಅಂತ. ಹಿರಿಯರ ಸಮಾಧಾನಕ್ಕೆ ‘ಸರ್ಕಲ್’ ಸೇರಿಸಿದೆ. ಪರವಾಗಿಲ್ವಾ?

ಹಳೇಬಣ್ಣ

ಅದನ್ನು ತೆಗೆಯಿರಿ. ಹರಾಜಿನವರ ಭಾಷೆಯಲ್ಲಿ ‘ಅಟ್ರಿಬ್ಯೂಟೆಡ್ ಟು’ ಅಂದರೆ ಬಹುಶಃ ಅವನದೇ. ‘ಸರ್ಕಲ್’ ಅಂದರೆ ಅವನ ಕಾಲದಲ್ಲೇ, ಅವನ ಪ್ರಭಾವದಲ್ಲಿ ಬರೆದದ್ದು. ‘ಫಾಲೋವರ್’ ಅಂದರೆ ಅವನ ಶೈಲಿಯಲ್ಲಿ ಬರೆದವರು, ಶಿಷ್ಯರೇ ಆಗಬೇಕಿಲ್ಲ. ‘ಮ್ಯಾನರ್’ ಅಂದರೆ ಶೈಲಿ ಅವನದು, ಕಾಲ ಆಮೇಲಿನದು. ಕೊಳ್ಳುವವರು ಒಂದೊಂದಕ್ಕೂ ಒಂದೊಂದು ಬೆಲೆ ಕೊಡುತ್ತಾರೆ. ಪರ್ಸಿಗೂ ಈ ಚಿತ್ರಕ್ಕೂ ನಂಟು ಕಟ್ಟುವ ಒಂದು ಕಾಗದವೂ ನಮ್ಮ ಹತ್ತಿರ ಇಲ್ಲ. ಆ ಹೆಸರು ಒಮ್ಮೆ ಕ್ಯಾಟಲಾಗಿನಲ್ಲಿ ಅಚ್ಚಾದರೆ ಮುಂದಿನ ನೂರು ವರ್ಷ ಈ ಚಿತ್ರವನ್ನು ಬಿಡುವುದಿಲ್ಲ. ಚೀಟಿಯಲ್ಲಿ ಹರಿದುಹೋದ ಆ ಅಸಲಿ ಹೆಸರನ್ನು ಆಮೇಲೆ ಯಾರೂ ಹುಡುಕುವುದೂ ಇಲ್ಲ.

‘19ನೇ ಶತಮಾನದ ಉತ್ತರಾರ್ಧ’ ಅನ್ನುವುದಕ್ಕೂ ಆಧಾರ ಸಾಲದು. ಮುದ್ರೆ ಹೇಳುವುದು 1832ರ ನಂತರ ಅಂತ ಮಾತ್ರ. ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಪಟ್ಟಿಯಲ್ಲಿ ಅದೇ ಮಾದರಿಯ ಮುದ್ರೆ ಸಿಗುವವರೆಗೆ ‘19ನೇ ಶತಮಾನ’ ಅಂತಷ್ಟೇ ಇರಲಿ. ಕೊನೆಗೆ ಇಷ್ಟು ಸೇರಿಸಿ: ಹಿಂಬದಿಯಲ್ಲಿ ವಿನ್ಸರ್ ಅಂಡ್ ನ್ಯೂಟನ್ ಮುದ್ರೆ, ಬೆಟುಸ್-ಅ-ಕೋಯ್ಡ್ ವಿಳಾಸವಿರುವ ಹರಿದ ಕೈಬರಹದ ಚೀಟಿ, ಸ್ಟೆನ್ಸಿಲ್ ನಂಬರ್, 1931ರಲ್ಲಿ ಹಾಲಿಗೆ ದಾನ. ಚೀಟಿಯ ಫೋಟೋ ಕ್ಯಾಟಲಾಗಿನಲ್ಲಿ ಹಾಕಲೇಬೇಕು ಅಂತ ಹರಾಜಿನವರಿಗೆ ಹೇಳಿ. ಅದೇ ಕೈಬರಹದ ‘ನಂ. 1’ ಯಾರ ಮನೆಯ ಗೋಡೆ ಮೇಲಾದರೂ ಇದ್ದರೆ, ಅವರ ಚೀಟಿಯಲ್ಲಿ ಹೆಸರು ಉಳಿದಿರಬಹುದು.